ತಾಟು ಮೊದಲು, ಫೋನು ಆಮೇಲೆ

ನಮ್ಮ ಊರಿನ ವಿಮಾನಗಳಿಗೆ ಒಂದು ಹಟವಿತ್ತು. ಒಳಗೆ ಬ್ಯಾಟರಿ ಇರುವ ವಸ್ತು ಒಂದೇ ಒಂದು ಇದ್ದರೂ ಅವು ನೆಲ ಬಿಟ್ಟು ಏಳುತ್ತಿರಲಿಲ್ಲ. ಫೋನಾಗಲಿ, ಲ್ಯಾಪ್‌ಟಾಪ್ ಆಗಲಿ, ಯಾರದೋ ಸೂಟ್‌ಕೇಸಿನ ಮೂಲೆಯಲ್ಲಿ ಮರೆತುಹೋದ ಕೈಗಡಿಯಾರವಾಗಲಿ, ಇದ್ದರೆ ಮುಗಿಯಿತು. ವಿಮಾನ ಬಯಲಿನ ಆ ತುದಿಯವರೆಗೆ ಗುಡುಗುಡು ಓಡಿ, ಅಲ್ಲಿಂದ ಮೆಲ್ಲಗೆ ತಿರುಗಿ, ಮೇಯಲು ಹೋದ ಎಮ್ಮೆ ಕೊಟ್ಟಿಗೆಗೆ ಬಂದ ಹಾಗೆ ಹೊರಟಲ್ಲಿಗೇ ಬಂದು ನಿಲ್ಲುತ್ತಿತ್ತು. ಯಾಕೆ ಎಂದು ನಾವು ಯಾರೂ ಕೇಳಿದವರಲ್ಲ. ಬೆಕ್ಕು ಯಾಕೆ ನೀರಿಗಿಳಿಯುವುದಿಲ್ಲ ಎಂದು ಯಾರಾದರೂ ಕೇಳುತ್ತಾರೆಯೇ.

ತಪಾಸಣೆಯ ಬಾಗಿಲಲ್ಲಿ ಹುಸೇನಸಾಬರು ನಿಲ್ಲುತ್ತಿದ್ದರು. ಅವರಿಗೆ ಯಂತ್ರ ಗಿಂತ್ರ ಏನೂ ಬೇಕಿರಲಿಲ್ಲ. ಪ್ರತಿ ಚೀಲವನ್ನೂ ಎತ್ತಿ ಕಿವಿಗೆ ಹಿಡಿದು, ಕಣ್ಣು ಮುಚ್ಚಿ, “ಇದರಾಗ ಏನೋ ಜೀವ ಐತಿ, ತಗೀರಿ ಸಾಹೇಬ್ರ” ಎನ್ನುತ್ತಿದ್ದರು. ಟೈ ಕಟ್ಟಿದ ಸಾಹೇಬರು ಮುಖ ಸಿಂಡರಿಸಿಕೊಂಡು ಚೀಲ ಬಿಚ್ಚಿ ಹುಡುಕಿದರೆ, ಬಟ್ಟೆಯ ಮಡಿಕೆಯಲ್ಲಿ ಗಡ್ಡ ಕೆರೆಯುವ ಯಂತ್ರ ಸಿಗುತ್ತಿತ್ತು. ಹೀಗೆ ತೆಗೆಸಿದ್ದನ್ನೆಲ್ಲ ಇಡಲು ನಿಲ್ದಾಣದವರು ಮೊದಮೊದಲು ಕಬ್ಬಿಣದ ಕಪಾಟುಗಳನ್ನು ಮಾಡಿಸಿದ್ದರಂತೆ. ಅದರೊಳಗೆ ಫೋನುಗಳು ಹಗಲೆಲ್ಲ ಬಡಿದುಕೊಳ್ಳುತ್ತಿದ್ದವು, ಕೇಳುವವರಿಲ್ಲ. ಎದುರಿನ ಓಣಿಯಲ್ಲಿದ್ದ ನಮ್ಮ ಅತ್ತೆಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. “ಅಳೂ ಕೂಸಿಗೆ ಯಾರರ ಕೀಲಿ ಹಾಕ್ತಾರೇನ” ಎಂದು ಬೈದು, ಒಂದನ್ನು ಕೇಳಿ ಇಸಿದುಕೊಂಡು ಮನೆಗೆ ತಂದರು. ನೋಡುತ್ತ ನೋಡುತ್ತ ಇಡೀ ಓಣಿ ಅದೇ ಕೆಲಸಕ್ಕೆ ಬಿತ್ತು. ನಾನು ಮದುವೆಯಾಗಿ ಬರುವ ಹೊತ್ತಿಗೆ ಅದಕ್ಕೆ ಫೋನಿನ ಓಣಿ ಎಂದೇ ಹೆಸರಾಗಿತ್ತು.

ಬರುತ್ತಿದ್ದವರು ಹೆಚ್ಚಾಗಿ ವ್ಯಾಪಾರದ ಮಂದಿ. ಬೆಳಗಿನ ರೈಲಿಗೆ ಇಳಿದು, ತಮ್ಮ ತಮ್ಮ ಗೊತ್ತಿನ ಮನೆಯಲ್ಲಿ ಫೋನು ಲ್ಯಾಪ್‌ಟಾಪು ಇಟ್ಟು, ಇಲ್ಲಿಂದ ವಿಮಾನ ಹತ್ತಿ, ಗುಡ್ಡದಾಚೆಯ ಊರುಗಳಲ್ಲಿ ಮಾಲು ಮಾರಿ, ಎರಡು ಮೂರು ದಿನಕ್ಕೆ ಮರಳುವವರು. ಹೊಸದಾಗಿ ಬಂದವರನ್ನು ನೋಡಿದರೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಫೋನು ಕೊಟ್ಟ ಮೇಲೆ ಕೈಯನ್ನು ಎಲ್ಲಿಡಬೇಕು ಎಂದೇ ಅವರಿಗೆ ತಿಳಿಯುತ್ತಿರಲಿಲ್ಲ. ಜೇಬು ಮುಟ್ಟುವರು, ಎದೆ ಮುಟ್ಟುವರು, ಮತ್ತೆ ಜೇಬು ಮುಟ್ಟುವರು. ನಾವು ಅವರ ಮುಂದೆ ಒಂದು ಮೊರ ಶೇಂಗಾ ತಂದಿಡುತ್ತಿದ್ದೆವು. ದೊಡ್ಡ ದೊಡ್ಡ ಕಂಪನಿಯ ಮ್ಯಾನೇಜರುಗಳು ನಮ್ಮ ಕಟ್ಟೆಯ ಮೇಲೆ ಕೂತು, ಶೇಂಗಾ ಸುಲಿಯುತ್ತ, ತಮ್ಮ ಹೆಂಡತಿಯ ಸೊಂಟನೋವಿನ ಮಾತು ಆಡಿದ್ದಾರೆ. ಈಗ ಯಾರು ಆಡುತ್ತಾರೆ.

ಫೋನು ಬಾರಿಸಿದರೆ ಎತ್ತಲೇಬೇಕು, ಅದು ನಮ್ಮ ಓಣಿಯ ಪದ್ಧತಿ. “ಅವ್ರು ಆಕಾಶದಾಗ ಅದಾರ್ರಿ, ಏನ್ ಹೇಳ್ಲಿ” ಎಂದು ಕೇಳಬೇಕು. ಕೇಳಿದ್ದನ್ನೆಲ್ಲ ನೆನಪಿಟ್ಟು, ಅವರು ಇಳಿದು ಬಂದಾಗ ಒಂದಕ್ಷರ ಬಿಡದೆ ಒಪ್ಪಿಸಬೇಕು. ಆದರೆ ಫೋನಿನ ಒಳಗೆ ಕಣ್ಣು ಹಾಕಬಾರದು, ಯಾರ ನಂಬರನ್ನೂ ಬರೆದಿಟ್ಟುಕೊಳ್ಳಬಾರದು, ಅದು ಇನ್ನೊಬ್ಬರ ಮನೆಯ ಅಡುಗೆಕೋಣೆ ಇದ್ದ ಹಾಗೆ. ನಮ್ಮದೇ ಫೋನು ಎಂದು ಓಣಿಯಲ್ಲಿ ಯಾರ ಹತ್ತಿರವೂ ಇರಲಿಲ್ಲ. ದಿನಾ ಇಷ್ಟು ಫೋನು ಮನೆಗೆ ಬರುವಾಗ ನಮಗೇಕೆ ಬೇರೆ.

ಇನ್ನೊಂದು ಪದ್ಧತಿಯಿತ್ತು, ಅದೂ ಅತ್ತೆ ಹಾಕಿಕೊಟ್ಟದ್ದೇ. ಹಸಿದ ಹೊಟ್ಟೆಗೆ ಕೆಟ್ಟ ಸುದ್ದಿ ಹೇಳಬಾರದು. ಸುದ್ದಿ ಒಳ್ಳೆಯದಿದ್ದರೆ ಬಂದ ಕೂಡಲೇ ಫೋನು ಕೈಗೆ, ಹಿಂದೆ ಒಂದು ಲೋಟ ಮಜ್ಜಿಗೆ. ಸಾವು ನೋವಿನ ಸುದ್ದಿಯಾದರೆ ತಾಟು ಮೊದಲು, ಫೋನು ಆಮೇಲೆ. ಇದು ಪ್ರಯಾಣಿಕರಿಗೂ ಗೊತ್ತಾಗಿಹೋಗಿತ್ತು. ಒಮ್ಮೆ ಕಾರಹುಣ್ಣಿಮೆಯ ದಿನ ನಾನು ಮಾಡಿದ ತಿಳಿಗೇಡಿತನ ಕೇಳಿ. ಹಬ್ಬ ಅಲ್ಲವೇ ಎಂದು, ಬಣ್ಣದ ಕಂಪನಿಯ ಒಬ್ಬರು ಬರುತ್ತಲೇ ಹೋಳಿಗೆ, ತುಪ್ಪ ಹಾಕಿದ ತಾಟು ಮುಂದಿಟ್ಟೆ. ಆ ಮನುಷ್ಯ ಗೋಡೆ ಹಿಡಿದು ಕೂತು, “ಅಪ್ಪನಾ?” ಅಂದರು. ಅವರನ್ನು ಸಮಾಧಾನ ಮಾಡಿ ಆ ಹೋಳಿಗೆ ತಿನ್ನಿಸುವುದರೊಳಗೆ ನನಗೆ ಸಾಕುಸಾಕಾಯಿತು.

ನಾನು ಹೇಳಹೊರಟದ್ದು ದಾನಮ್ಮನ ವಿಷಯ. ದಾನಮ್ಮ ನಮ್ಮ ಎದುರುಮನೆಯಾಕೆ. ಹೊಲಿಗೆ ಯಂತ್ರದ ಮುಂದೆ ಕೂತು, ಹೆಗಲಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ಲಂಗ ಹೊಲಿಯುತ್ತಲೇ ಪರಸ್ಥಳದವರ ಸುಖದುಃಖ ಕೇಳುತ್ತಿದ್ದ ಹೆಂಗಸು. ಮನೆಯಲ್ಲಿ ಗಂಡ ರುದ್ರಪ್ಪನಿದ್ದ. ಇದ್ದ ಅಂದರೆ ಇದ್ದ, ಅಷ್ಟೇ. ಊಟಕ್ಕೆ ಬಾ ಅಂದರೆ ಬರುತ್ತಿದ್ದ, ಸಾಕೇ ಅಂದರೆ ತಲೆ ಅಲ್ಲಾಡಿಸುತ್ತಿದ್ದ. ಕೆಟ್ಟವನಲ್ಲ, ಆದರೆ ಅವನ ಬಾಯಿಂದ ಒಂದು ಮಾತು ಹೊರಬರಬೇಕಾದರೆ ದಾನಮ್ಮ ಹತ್ತು ಆಡಬೇಕಿತ್ತು. ಮದುವೆಯಾದ ಮೊದಲ ವರ್ಷಗಳಲ್ಲಿ ಆಡಿದಳು, ಆಮೇಲೆ ಬಿಟ್ಟಳು.

ಅವಳ ಮನೆಯ ಕಾಯಂ ಪ್ರಯಾಣಿಕ ವಾದಿರಾಜ, ನೀರೆತ್ತುವ ಪಂಪು ಮಾರುವ ಕಂಪನಿಯವರು. ಸಭ್ಯ ಮನುಷ್ಯ, ಚಪ್ಪಲಿಯನ್ನು ಜೋಡಿಸಿ ಬಿಡುವವರು. ಅವರ ಹೆಂಡತಿ ಸುಕನ್ಯಾ. ಅವಳ ಮೊದಲ ಫೋನು ಬಂದದ್ದು ಗ್ಯಾಸ್ ಸಿಲಿಂಡರಿನ ವಿಷಯಕ್ಕೆ. ಚೀಟಿ ಎಲ್ಲಿಟ್ಟಿದ್ದಾರೆ ಎಂದು ಕೇಳಿದಳು. ದಾನಮ್ಮ, “ಅವ್ರು ಆಕಾಶದಾಗ ಅದಾರ್ರಿ. ಫ್ರಿಜ್ಜಿನ ಮ್ಯಾಲೆ ನೋಡೀರೇನ್ರಿ? ಗಂಡಸರು ಎಲ್ಲಾ ಅಲ್ಲೇ ಒಗೀತಾರ” ಅಂದಳು. ಅತ್ತ ಕಡೆ ಡಬ್ಬಿ ಸರಿಸಿದ ಸದ್ದಾಯಿತು. ಆಮೇಲೆ ಒಂದು ನಗೆ ಬಂತು. “ಇದೆ ಕಣ್ರೀ, ಫ್ರಿಜ್ಜಿನ ಮೇಲೇ ಇದೆ. ನಿಮಗೆ ಹ್ಯಾಗೆ ಗೊತ್ತಾಯ್ತು?” ಆವತ್ತಿನಿಂದ ಶುರುವಾದದ್ದು. ಹಾಲು ಒಡೆದದ್ದು, ಮೇಲಿನ ಮನೆಯವರು ನೀರು ಬಿಟ್ಟದ್ದು, ಸುಕನ್ಯಾ ಹಾಡುವುದನ್ನು ಬಿಟ್ಟು ಎಷ್ಟೋ ವರ್ಷವಾದದ್ದು, ಎಲ್ಲ. ದಾನಮ್ಮನೂ ಹೇಳಿದಳು, ನನಗೂ ಹೇಳದ ಮಾತುಗಳನ್ನು. ದಾನಮ್ಮನವರೇ ಹೋಗಿ ದಾನಕ್ಕ ಆಯಿತು, ದಾನಮ್ಮನ ಬಾಯಲ್ಲಿ ‘ಬಾಯಾರ’ ಎಂಬ ಮರ್ಯಾದೆಯ ಕರೆ ಹೋಗಿ ಸುಕನ್ಯವ್ವ ಆಯಿತು.

ಒಂದು ಸಲ ವಾದಿರಾಜ ಮಜ್ಜಿಗೆ ಕುಡಿಯುತ್ತ, “ನಾನು ಮೇಲಿರುವಾಗಲೇ ಇವಳು ಯಾಕೆ ಫೋನ್ ಮಾಡ್ತಾಳೋ ತಿಳಿಯದು. ಎಷ್ಟು ಸಲ ಹೇಳಿದ್ದೀನಿ, ವಿಮಾನದ ಹೊತ್ತು ಬರೆದೂ ಕೊಟ್ಟಿದ್ದೀನಿ” ಎಂದು ಬೇಜಾರುಪಟ್ಟರು. ದಾನಮ್ಮ ತಲೆ ಬಗ್ಗಿಸಿ ಸೂಜಿಗೆ ದಾರ ಪೋಣಿಸಿದಳು. ನಾನು ನಗು ತಡೆಯಲಾರದೆ ಒಳಗೆ ಹೋದೆ. ಆ ಹೆಂಗಸು ಗಂಡನ ವಿಮಾನದ ಹೊತ್ತು ನೋಡಿಕೊಂಡೇ ಫೋನು ಮಾಡುತ್ತಿದ್ದಳು ಎಂಬುದು ಓಣಿಗೆಲ್ಲ ತಿಳಿದಿತ್ತು, ಅವರೊಬ್ಬರಿಗೆ ಬಿಟ್ಟು.

ಒಂದು ದಿನ ವಾದಿರಾಜರದು ಎರಡು ಹಾರಾಟ. ಮಧ್ಯಾಹ್ನ ಒಂದು ಊರಿಂದ ಇಳಿದು, ಸಂಜೆ ಇನ್ನೊಂದು ಊರಿಗೆ ಏರಬೇಕಿತ್ತು. ಆ ಇನ್ನೊಂದು ಊರಿನಲ್ಲಿ ಅವರ ದೊಡ್ಡ ಆರ್ಡರು ಕಾದಿತ್ತು, ಅದರ ಬೆನ್ನು ಹತ್ತಿ ಅವರು ಬಹಳ ದಿನ ಅಲೆದಿದ್ದರು. ಆವತ್ತು ಬೆಳಿಗ್ಗೆ ಫೋನು ಬಾರಿಸಿತು. ದಾನಮ್ಮ ಎತ್ತಿದಳು. ಸುಕನ್ಯಾ ಎಂದಿನ ಹಾಗೆ ಮಾತು ಎಳೆಯಲಿಲ್ಲ.

“ದಾನಕ್ಕ, ನನಗೆ ನಾಳೆ ಬೆಳಿಗ್ಗೆ ಆಪರೇಷನ್. ಹೊಟ್ಟೇಲಿ ಗಡ್ಡೆ. ಕುಯ್ದು ನೋಡಿದ ಮೇಲೇನೆ ಅದು ಎಂಥದ್ದು ಅಂತ ಗೊತ್ತಾಗೋದಂತೆ. ಅಕ್ಕ ಬಂದಿದ್ದಾಳೆ, ಅವಳಿರ್ತಾಳೆ. ನೀವು ಅವರಿಗೆ ಹೇಳಬೇಡಿ.”

ದಾನಮ್ಮನ ಕಾಲು ಯಂತ್ರದ ಮೇಲೇ ನಿಂತಿತು. “ಹಂಗಂದ್ರ ಹೆಂಗವ್ವ. ಕೇಳಿದ್ದು ಹೇಳಾಕಬೇಕು, ನಮ್ಮ ಪದ್ಧತಿ ಅದು.”

“ಪದ್ಧತಿ ನನಗೂ ಗೊತ್ತು. ಅವರು ಬಂದ್ರೆ ಹೆದರ್ತಾರೆ. ಬಾಗಿಲಲ್ಲಿ ನಿಂತು ಮುಖ ಸಣ್ಣ ಮಾಡ್ತಾರೆ. ಆಮೇಲೆ ನಾನು ಅವರನ್ನ ಸಮಾಧಾನ ಮಾಡಬೇಕು. ನನಗೆ ಒಂದು ಸಲ, ಒಂದೇ ಒಂದು ಸಲ, ನನ್ನಷ್ಟಕ್ಕೆ ನಾನು ಹೆದರಿಕೊಳ್ಳೋಕೆ ಬಿಡಿ. ಮಧ್ಯಾಹ್ನ ಅವರು ಫೋನ್ ಮಾಡ್ತಾರೆ, ನಾನು ನಗ್ತಾ ಮಾತಾಡ್ತೀನಿ. ನೀವು ಕೆಡಿಸಬೇಡಿ. ಮಾತು ಕೊಡಿ ದಾನಕ್ಕ.”

ದಾನಮ್ಮ ಮಾತು ಕೊಟ್ಟಳು. ಓಣಿಯಲ್ಲಿ ಅದುವರೆಗೆ ಯಾರೂ ಕೊಡದ ಮಾತು ಅದು. ಫೋನು ಇಟ್ಟವಳೇ ನನ್ನ ಬಾಗಿಲಿಗೆ ಬಂದು ಎಲ್ಲ ಹೇಳಿಕೊಂಡಳು. ನಾನು ಸುಮ್ಮನಿರುವವಳಲ್ಲ. “ಗಂಡ ಹೆಂಡತಿ ನಡುವ ನೀ ಯಾಕ ಗ್ವಾಡಿ ಕಟ್ತಿ? ನಾಳೆ ಏನರ ಹೆಚ್ಚುಕಮ್ಮಿ ಆದ್ರ ಆ ಮನಶ್ಯಾ ಜೀವಮಾನ ಪೂರ್ತಿ ನಿನ್ನ ಕಟ್ಟಿ ಮುಂದ ನಿಂತು ಕೇಳ್ತಾನ” ಅಂದೆ. ಅವಳು, “ನನಗ ಆಕಿ ಬೇಕವ್ವ” ಅಂದಳು. “ನಾ ಹೇಳಿದ್ರ ಆಕಿ ಮತ್ತ ನನ್ನ ಕೂಡ ಮಾತಾಡಂಗಿಲ್ಲ. ನನಗ ಮಾತಾಡಾಕ ಇನ್ಯಾರದಾರ?” ನಾನು ಎದುರಿಗೇ ನಿಂತಿದ್ದೆ. ಆ ಮಾತು ನನಗೆ ಚುಚ್ಚಿತು, ಸುಳ್ಳು ಯಾಕೆ ಹೇಳಲಿ. ಆದರೆ ಅವಳ ಮುಖ ನೋಡಿ, ವಾದ ಬಿಟ್ಟು, ಕುಡಿಯಲು ನೀರು ತಂದುಕೊಟ್ಟೆ.

ಮಧ್ಯಾಹ್ನ ವಿಮಾನ ಇಳಿಯಿತು. ವಾದಿರಾಜ ಹಸನ್ಮುಖಿಯಾಗಿ ಬಂದು, ಚಪ್ಪಲಿ ಜೋಡಿಸಿಟ್ಟು, ಕಟ್ಟೆಯ ಮೇಲೆ ಕೂತರು. ಸಂಜೆಯ ಆರ್ಡರಿನ ಗುಂಗಿನಲ್ಲಿದ್ದರು, ಬೆರಳಲ್ಲಿ ತಾಳ ಹಾಕುತ್ತಿದ್ದರು. ದಾನಮ್ಮ ಫೋನು ತರಲು ಒಳಗೆ ಹೋದಳು. ಆಮೇಲಿನದನ್ನು ಅವಳು ಎಷ್ಟೋ ಸಲ ನನಗೆ ಹೇಳಿದ್ದಾಳೆ, ಪ್ರತಿ ಸಲವೂ ಸ್ವಲ್ಪ ಬೇರೆಯಾಗಿ. ಗೂಡಿನಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ಫೋನಿನ ಕಡೆಗೇ ಹೋದೆ ಎನ್ನುತ್ತಾಳೆ. ತಲೆಯಲ್ಲಿ ಸುಕನ್ಯಾಳೇ ತುಂಬಿದ್ದಳು, ಅವಳನ್ನು ಒಳಗೆ ಒಯ್ಯುವ ಗಾಲಿಮಂಚ, ಹಸಿರು ಪರದೆ, ಅದೇ ಕಣ್ಣ ಮುಂದೆ ಇತ್ತು ಎನ್ನುತ್ತಾಳೆ. ಎಷ್ಟೊಂದು ವರ್ಷ ಇಂಥ ಸುದ್ದಿ ಹೊತ್ತಾಗಲೆಲ್ಲ ಕೈ ಯಾವ ಕೆಲಸ ಮಾಡಿತ್ತೋ ಆ ಕೆಲಸವನ್ನೇ ಮಾಡಿತು. ರೊಟ್ಟಿ ತೆಗೆಯಿತು, ಪಲ್ಯ ಬಡಿಸಿತು, ಮೊಸರು ಹಾಕಿತು. ತಾಟು ಹಿಡಿದು ಹೊಸ್ತಿಲಿಗೆ ಬಂದು, ವಾದಿರಾಜರ ಮುಖ ನೋಡಿದ ಮೇಲೆಯೇ ಅವಳಿಗೆ ತಾನು ಹಿಡಿದದ್ದು ಏನೆಂದು ತಿಳಿದದ್ದು. ಕೈ ತಾನಾಗಿ ಹೋಯಿತೋ, ತಾನೇ ಕಳಿಸಿದಳೋ, ಅದು ಅವಳಿಗೂ ಗೊತ್ತಿಲ್ಲ. ನಾನಂತೂ ಕೇಳುವುದನ್ನು ಬಿಟ್ಟಿದ್ದೇನೆ.

ವಾದಿರಾಜರ ಬೆರಳಿನ ತಾಳ ನಿಂತಿತು. “ಯಾರು?” ಅಂದರು.

“ಊಟಾ ಮಾಡ್ರಿ” ಅಂದಳು ದಾನಮ್ಮ.

“ಯಾರು ಹೇಳಿ ದಾನಮ್ಮನವ್ರೇ. ಸುಕನ್ಯಾನಾ?”

“ನಾ ಏನೂ ಹೇಳಿಲ್ರಿ ಸಾಹೇಬ್ರ. ನನ್ನ ಬಾಯಿಂದ ಒಂದು ಮಾತು ಬಂದಿಲ್ಲ. ನೀವು ಊಟಾ ಮಾಡ್ರಿ” ಎಂದು ಅವಳು ಅಳತೊಡಗಿದಳು. ಅವರು ತಾಟನ್ನು ಮುಟ್ಟಲಿಲ್ಲ. ಒಳಗೆ ನುಗ್ಗಿ ಗೂಡಿನಿಂದ ತಾವೇ ಫೋನು ಎತ್ತಿಕೊಂಡರು. ಅತ್ತ ಸುಕನ್ಯಾ ನಗುತ್ತಲೇ ಮಾತಾಡಿರಬೇಕು, ಯಾಕೆಂದರೆ ಇವರು, “ನಗಬೇಡ, ತಾಟು ಬಂದಿದೆ. ಏನಾಗಿದೆ ಹೇಳು” ಅಂದದ್ದು ಓಣಿಗೆಲ್ಲ ಕೇಳಿಸಿತು. ಬಹಳ ಹೊತ್ತು ಕೇಳಿಸಿಕೊಂಡರು. ಕೊನೆಗೆ ಫೋನನ್ನು ದಾನಮ್ಮನ ಕೈಗೆ ಕೊಟ್ಟು, “ನಿಮ್ಮ ಹತ್ರ ಮಾತಾಡಬೇಕಂತೆ” ಅಂದರು.

“ಹೇಳಿಬಿಟ್ರಾ?”

“ಹೇಳಿಲ್ಲ ಸುಕನ್ಯವ್ವ, ದೇವರಾಣಿ ಹೇಳಿಲ್ಲ.”

“ಸುಳ್ಳು ಬೇರೆ” ಎಂದು ಅವಳು ಫೋನು ಇಟ್ಟಳು.

ವಾದಿರಾಜ ಸಂಜೆಯ ವಿಮಾನ ಹತ್ತಲಿಲ್ಲ. ಆರ್ಡರು ಬೇರೆ ಯಾರಿಗೋ ಹೋಯಿತಂತೆ. ಸಿಕ್ಕ ರೈಲು ಹಿಡಿದು ಅವರು ಊರಿಗೆ ಹೋದರು, ಚಪ್ಪಲಿಯನ್ನು ಅವಸರದಲ್ಲಿ ಅದಲು ಬದಲು ಮೆಟ್ಟಿಕೊಂಡು ಓಡಿದ್ದನ್ನು ನಾನೇ ನೋಡಿದೆ. ಮತ್ತೆ ಅವರು ನಮ್ಮ ಓಣಿಗೆ ಬಂದದ್ದು ಬೇಸಿಗೆ ಕಳೆದ ಮೇಲೆ. ದಾನಮ್ಮ ಬಾಗಿಲಲ್ಲೇ, “ಬಾಯಾರು ಹೆಂಗದಾರ್ರಿ?” ಎಂದು ಕೇಳಿದಳು. “ಚೆನ್ನಾಗಿದ್ದಾಳೆ. ಗಡ್ಡೆ ಕೆಟ್ಟದ್ದಲ್ಲವಂತೆ” ಎಂದು ಅವರು ಹೇಳಿ, ಅವಳ ಕೈಯನ್ನು ಒಂದು ಸಲ ಹಣೆಗೊತ್ತಿಕೊಂಡರು. ದಾನಮ್ಮನಿಗೆ ಅದು ಬೇಕಿರಲಿಲ್ಲ. ಅವರು ವಿಮಾನ ಹತ್ತಿದ ಮೇಲೆ ಯಂತ್ರದ ಮುಂದೆ ಫೋನಿಟ್ಟುಕೊಂಡು ಕೂತಳು. ಪಂಪಿನ ಅಂಗಡಿಯವರು ಮಾಡಿದರು, ಬ್ಯಾಂಕಿನವರು ಮಾಡಿದರು. ಸುಕನ್ಯಾ ಮಾಡಲಿಲ್ಲ. ಆ ಸಲ ಮಾಡಲಿಲ್ಲ, ಅದರ ಮುಂದಿನ ಸಲವೂ ಮಾಡಲಿಲ್ಲ. ಫೋನು ಬಾರಿಸಿದಾಗಲೆಲ್ಲ ದಾನಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎತ್ತುವುದನ್ನು ನಾನು ನಮ್ಮ ಕಟ್ಟೆಯಿಂದ ನೋಡುತ್ತಿದ್ದೆ.

ಅಷ್ಟರಲ್ಲಿ ವಿಮಾನಗಳ ಹಟ ಮುಗಿಯಿತು. ಯಾವನೋ ಒಬ್ಬ ಅವಸರದ ವ್ಯಾಪಾರಿ ಕಾಲುಚೀಲದಲ್ಲಿ ಫೋನು ಮರೆತು ಹತ್ತಿದ್ದನಂತೆ. ಆವತ್ತು ಹುಸೇನಸಾಬರಿಗೆ ನೆಗಡಿ, ಕಿವಿ ಕಟ್ಟಿತ್ತು. ವಿಮಾನ ಬಯಲಿನ ತುದಿಗೆ ಓಡಿತು. ನಾವೆಲ್ಲ ತಿರುಗಿ ಬರುವುದನ್ನೇ ಕಾದೆವು. ಬರಲಿಲ್ಲ, ಎದ್ದುಹೋಯಿತು. ಮರುದಿನ ಇನ್ನೊಬ್ಬ ಲ್ಯಾಪ್‌ಟಾಪನ್ನೇ ಒಯ್ದ. ಅದೂ ಎದ್ದಿತು. ಆಮೇಲೆ ಯಾರು ತಡೆಯುತ್ತಾರೆ. ರೈಲಿನಿಂದ ಇಳಿದವರು ನಮ್ಮ ಓಣಿಯ ಮುಂದೆಯೇ, ಫೋನನ್ನು ಕಿವಿಗೆ ಹಚ್ಚಿಕೊಂಡು, ನೇರ ನಿಲ್ದಾಣಕ್ಕೆ ನಡೆದರು. ಒಂದಿಬ್ಬರು ಹಳಬರು ಕೈಯೆತ್ತಿ ನಮಸ್ಕಾರ ಮಾಡಿದರು. ಮೊರದಲ್ಲಿದ್ದ ಶೇಂಗಾ ಮೊರದಲ್ಲೇ ಉಳಿಯಿತು. ನಾನು ನಮ್ಮ ಅತ್ತೆಯ ಫೋಟೋದ ಮುಂದೆ ನಿಂತು, ಪುಣ್ಯಾತ್ಮಳೇ, ನೀನು ಇದನ್ನು ನೋಡದೆ ಹೋದೆ ಅಂದುಕೊಂಡೆ.

ಹೊಲಿಗೆ ಇದ್ದದ್ದರಿಂದ ದಾನಮ್ಮನ ಹೊಟ್ಟೆಗೇನೂ ಕಡಿಮೆಯಾಗಲಿಲ್ಲ. ಆದರೆ ಹೆಂಗಸು ಸೊರಗಿದಳು. ಒಂದು ದಿನ ಪೇಟೆಗೆ ಹೋಗಿ ತಾನೇ ಒಂದು ಫೋನು ಕೊಂಡು ತಂದಳು. ನಾನು ನೋಡಿ, “ಯಾರಿಗೆ ಮಾಡ್ತೀಯವ್ವ? ಒಬ್ಬರದರ ನಂಬರ್ ಗೊತ್ತೈತಿ?” ಎಂದು ಚೇಷ್ಟೆ ಮಾಡಿದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳ ಮನೆಯಲ್ಲಿ ಇಷ್ಟು ವರ್ಷ ಸುಕನ್ಯಾಳ ನಂಬರು ಬಂದು ಹೋಗಿತ್ತು, ಒಂದು ಸಲವೂ ಅವಳು ಅದರ ಮೇಲೆ ಕಣ್ಣು ಹಾಕಿರಲಿಲ್ಲ. ಆ ಹೊಸ ಫೋನನ್ನು ಅವಳು ಬಟ್ಟೆ ಮುಚ್ಚಿ ಗೂಡಿನಲ್ಲಿಟ್ಟಳು. ಅದು ಬಾರಿಸಲೇ ಇಲ್ಲ, ಅದರ ನಂಬರಾದರೂ ಯಾರಿಗೆ ಗೊತ್ತಿತ್ತು. ವಾದಿರಾಜರನ್ನು ದಾರಿಯಲ್ಲಿ ತಡೆದು ಕೇಳು ಎಂದು ನಾನು ಹೇಳಿದೆ. “ಬ್ಯಾಡ. ಆಕಿಗೆ ಬೇಕಾಗಿದ್ರ ಆಕಿ ಮಾಡ್ತಿದ್ಲು” ಅಂದಳು.

ಹೀಗೇ ಕೆಲವು ತಿಂಗಳು ಹೋದವು. ಒಂದು ಬೆಳಿಗ್ಗೆ ನಾನು ಕಟ್ಟೆಗೆ ಸಾರಣೆ ಮಾಡುತ್ತಿದ್ದೆ. ರೈಲಿನ ಮಂದಿ ಮುಂದೆ ಸಾಗಿದರು, ಒಬ್ಬರು ಮಾತ್ರ ಹಿಂದೆ ಉಳಿದು ಎದುರುಮನೆಯ ಮುಂದೆ ಚಪ್ಪಲಿ ಜೋಡಿಸಿ ಬಿಟ್ಟರು. ವಾದಿರಾಜ. ದಾನಮ್ಮ ಗಡಬಡಿಸಿ ಎದ್ದು ಬಂದಳು. ಅವರು ಜೇಬಿನಿಂದ ಫೋನು ತೆಗೆದು ಅವಳ ಕಡೆ ಚಾಚಿದರು.

“ಈಗ ಒಳಗ ಒಯ್ಯಾಕ ಬಿಡ್ತಾರಲ್ರಿ ಸಾಹೇಬ್ರ” ಅಂದಳು ದಾನಮ್ಮ.

“ಬಿಡ್ತಾರೆ. ಇಟ್ಟು ಹೋಗಿ ಅಂತ ಅವಳೇ ಹೇಳಿದ್ದಾಳೆ.”

ದಾನಮ್ಮ ಎರಡೂ ಕೈ ಚಾಚಿ ಇಸಿದುಕೊಂಡಳು. ವಾದಿರಾಜ ಬರಿಗೈಯಲ್ಲಿ ನಿಲ್ದಾಣದ ಕಡೆ ನಡೆದರು. ದಾರಿಯಲ್ಲಿ ಎರಡು ಸಲ ಜೇಬು ಮುಟ್ಟಿ ನೋಡಿಕೊಂಡರು. ನಾನು ಸಾರಣೆ ಅರ್ಧಕ್ಕೆ ಬಿಟ್ಟು, ಅವಳ ಯಂತ್ರದ ಹತ್ತಿರ, ಅವಳ ಪಕ್ಕ ಹೋಗಿ ಕೂತೆ. ವಿಮಾನ ಬಯಲಿನ ತುದಿಗೆ ಓಡಿ, ಎದ್ದು, ನಮ್ಮ ಮಾಳಿಗೆಯ ಮೇಲೆ ಹಾದು ಹೋಯಿತು. ಅದರ ಸದ್ದು ಇನ್ನೂ ಕಿವಿಯಲ್ಲಿರುವಾಗಲೇ ಫೋನು ಬಾರಿಸಿತು. ದಾನಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಲೇ ಕೂತಳು, ಒತ್ತಿಕೊಟ್ಟವಳು ನಾನು.

“ಅವ್ರು ಆಕಾಶದಾಗ ಅದಾರ್ರಿ” ಅಂದಳು ದಾನಮ್ಮ, ಬಾಯಿಗೆ ಬೇರೆ ಮಾತೇ ಬರದೆ.

“ಗೊತ್ತು” ಎಂದಿತು ಆ ಧ್ವನಿ. ಪಕ್ಕದಲ್ಲಿದ್ದ ನನಗೂ ಕೇಳಿಸುವಷ್ಟು ಸ್ಪಷ್ಟ. “ದಾನಕ್ಕ, ಆಪರೇಷನ್ ದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು ಅವರು ಮುಖ ಸಣ್ಣ ಮಾಡಿದ್ರು. ನಾನು ಹೇಳಿದ್ದೆನಲ್ಲ, ಹಾಗೇ. ಆಮೇಲೆ ನನ್ನ ಒಳಗೆ ಕರ್ಕೊಂಡು ಹೋಗೋವರೆಗೂ ಕಾಲು ಹಿಡ್ಕೊಂಡು ಕೂತಿದ್ರು. ನಿಮ್ಮ ಮೇಲೆ ನನಗೆ ಕೋಪ ಇದೆ. ಇನ್ನೂ ಇದೆ. ಆದರೆ ಅದನ್ನ ಯಾರ ಹತ್ರ ಹೇಳಿಕೊಳ್ಳಲಿ ಅಂತ ಇಷ್ಟು ದಿನ ಹುಡುಕಿದೆ. ನಿಮ್ಮನ್ನ ಬಿಟ್ಟು ಯಾರೂ ಸಿಗಲಿಲ್ಲ.”

ದಾನಮ್ಮ ಹೊಲಿಗೆ ಯಂತ್ರವನ್ನು ಪಕ್ಕಕ್ಕೆ ಸರಿಸಿ, ಗೋಡೆಗೆ ಒರಗಿ, ಕಾಲು ಚಾಚಿ ಕೂತಳು. “ಹೇಳವ್ವ” ಅಂದಳು. “ಬೈಯೂದೆಲ್ಲಾ ಬೈ. ನಾ ಕೇಳ್ತೀನಿ.”

ನಾನು ಎದ್ದು ನನ್ನ ಮನೆಗೆ ಬಂದೆ.